ಖಾಲಿ ಕುರ್ಚಿಯ ಆಸರೆ

ಬೆಳಗಿನ ಆರು ಗಂಟೆ. ಮೂಳೆ ಆಸ್ಪತ್ರೆಯ ಇಳಿಜಾರು ದಾರಿಯಲ್ಲಿ ಗಾಲಿಕುರ್ಚಿಯೊಂದು ಕಿರುಗುಟ್ಟುತ್ತ ಮೇಲೇರುತ್ತಿದೆ. ಅದರಲ್ಲಿ ಕುಳಿತ ಅಜ್ಜಿಗೆ ಇವತ್ತು ಮಂಡಿ ಬದಲಿಸುವ ಆಪರೇಷನ್. ಕಾಲು ತೆಗೆದುಬಿಡ್ತಾರಾ ಎಂದು ಕೇಳುತ್ತಲೇ ಇದ್ದಾರೆ.

"ಹೆದರ್ಬೇಡಿ ಅಮ್ಮಾ, ಕಾಲನ್ನೇನೂ ಕಿತ್ತು ಬಿಸಾಕಲ್ಲ. ಸವೆದಿರೋ ಮೂಳೆ ತುದೀನ ಕೆತ್ತಿ ಲೋಹದ ಟೋಪಿ ಹಾಕ್ತಾರೆ, ಮಧ್ಯೆ ಪ್ಲಾಸ್ಟಿಕ್ ಬಿಲ್ಲೆ ಇಡ್ತಾರೆ. ನಾಳೆನೇ ಎದ್ದು ನಿಲ್ತೀರ," ಎನ್ನುತ್ತಾರೆ ಕುರ್ಚಿ ತಳ್ಳುವ ಆಯಾ.

ಎಲ್ಲರಿಗೂ ಅವರು ಕುರ್ಚಿಯಕ್ಕ. ವಯಸ್ಸು ಐವತ್ತೆಂಟು, ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷ. ದಿನಕ್ಕೆ ಮೂವತ್ತು ಸಲವಾದರೂ ಈ ಏರು ಹತ್ತುತ್ತಾರೆ. ಆಪರೇಷನ್ ಆದವರಿಗೆ ಮೆಟ್ಟಿಲ ಪಾಠ ಹೇಳುವುದೂ ಅವರೇ: "ಹತ್ತೋವಾಗ ಒಳ್ಳೆ ಕಾಲು ಮೊದ್ಲು, ಇಳಿಯೋವಾಗ ನೋವಿನ ಕಾಲು ಮೊದ್ಲು."

ಚಹಾ ಕುಡಿಯಲು ಹೋಗುವಾಗಲೂ ಅಕ್ಕ ಖಾಲಿ ಕುರ್ಚಿ ತಳ್ಳಿಕೊಂಡೇ ಹೋಗುತ್ತಿದ್ದರು. ಎಂಥ ನಿಷ್ಠೆ ಎಂದು ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಹೋದ ತಿಂಗಳು ಗಾಲಿ ಮುರಿದು ಕುರ್ಚಿ ರಿಪೇರಿಗೆ ಹೋಯಿತು. ಬರಿಗೈಯಲ್ಲಿ ಕುಂಟುತ್ತ ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಡಾಕ್ಟರ ಕಣ್ಣಿಗೆ ಬಿದ್ದರು. ಆರು ವರ್ಷದಿಂದ ಆ ಕುರ್ಚಿಯೇ ಅವರ ಊರುಗೋಲಾಗಿತ್ತು.

ಎಕ್ಸ್‌ರೇ ತೆಗೆದರೆ ಎರಡೂ ಮಂಡಿಯ ಮೆತ್ತೆ ಸವೆದು ಮೂಳೆಗೆ ಮೂಳೆ ಉಜ್ಜುತ್ತಿದೆ. ವಯಸ್ಸು, ಭಾರ, ಈ ಏರು, ಮೂರೂ ಸೇರಿ ತಿಂದಿವೆ ಎಂದರು ಡಾಕ್ಟರು. "ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಲ್ಲಿ ಬಿತ್ತಂತೆ," ಎಂದು ಅಕ್ಕ ನಗುತ್ತಾರೆ. ಅವರ ಬಗ್ಗೆ ಬರೆಯಲು ಬಂದ ನನಗೆ ನಗು ಬರುವುದಿಲ್ಲ.

ಆಪರೇಷನ್ ಪುಕ್ಕಟೆ ಮಾಡಿಕೊಡಲು ಆಸ್ಪತ್ರೆ ಒಪ್ಪಿದೆ. ಆದರೆ ಮೂರು ತಿಂಗಳು ವಿಶ್ರಾಂತಿ ಬೇಕು, ಆಮೇಲೂ ಭಾರ ತಳ್ಳುವಂತಿಲ್ಲ. ಮನೆಯಲ್ಲಿ ಪಾರ್ಶ್ವವಾಯು ಹೊಡೆದ ಗಂಡ. "ನಾನೇ ಮಲಗಿದ್ರೆ ಅವ್ರನ್ನ ಎಬ್ಬಿಸಿ ಕೂರಿಸೋರ್ಯಾರು?" ಹಾಗೆಂದು ಆಪರೇಷನ್ ಬೇಡವೆಂದರು. ಕೆಲಸವಾದರೂ ಉಳಿಯಿತೇ? "ನಡೆಯೋಕಾಗದೋರಿಗೆ ಇಲ್ಲೇನು ಕೆಲಸ?" ಎಂದು ಆಯಾಗಳನ್ನು ಕೆಲಸಕ್ಕಿಟ್ಟ ಗುತ್ತಿಗೆದಾರ ಈ ತಿಂಗಳ ಕೊನೆಗೆ ಲೆಕ್ಕ ಚುಕ್ತಾ ಮಾಡುತ್ತಿದ್ದಾನೆ. ಅದೂ ಮೂಳೆ ಆಸ್ಪತ್ರೆಯಲ್ಲಿ! ಕೇಳಿ ನನಗೆ ಮೈಯೆಲ್ಲ ಉರಿಯಿತು. ಅಕ್ಕನಿಗೆ ಉರಿಯುವಷ್ಟೂ ತ್ರಾಣ ಉಳಿದಿಲ್ಲ.

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಕುರ್ಚಿಯ ಹಿಡಿಯನ್ನು ಸೆರಗಿನಲ್ಲಿ ಒರೆಸುತ್ತಾರೆ.

"ಕೊನೇ ದಿನ ಇದನ್ನ ಒಳಗೇ ಬಿಟ್ಟು, ಮುಂಬಾಗಿಲ ಏಳು ಮೆಟ್ಟಿಲು ಯಾರ ಕೈನೂ ಹಿಡೀದೆ ಇಳೀಬೇಕು. ಅಷ್ಟೇ." ಬಗ್ಗಿ ಮಂಡಿ ನೀವಿಕೊಳ್ಳುತ್ತಾರೆ. "ನೋವಿನ ಕಾಲು ಮೊದ್ಲು ಅಂತ ಸಾವಿರ ಜನಕ್ಕೆ ಹೇಳ್ಕೊಟ್ಟೆ. ನಂದು ಎರಡೂ ನೋವಿನ ಕಾಲೇ. ಯಾವುದನ್ನ ಮೊದ್ಲು ಇಡ್ಲಿ, ಹೇಳಿ?"