ಊಟಕ್ಕೆ ಮುಂಚಿನ ತಲೆನೋವು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮದರಾಸಿನ ಅಂಬತ್ತೂರಿನಲ್ಲಿದ್ದ ಕಾರ್ಖಾನೆಯೊಂದರ ಆಫೀಸಿಗೆ ಸೇರಿದೆ. ಕನ್ನಡ ಮಾತಾಡುವ ನಾವು ನಾಲ್ವರು ಮಧ್ಯಾಹ್ನ ಒಂದೇ ಮೇಜಿಗೆ ಕೂರುತ್ತಿದ್ದೆವು. ನನ್ನ ಹೆಸರಿನಿಂದಾಗಲಿ ಮೈಸೂರಿನ ಮಾತಿನಿಂದಾಗಲಿ ನಾನು ಕ್ರೈಸ್ತಳೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಡಬ್ಬಿ ತೆರೆದು, ಹಣೆಗೆ ಕೈಯಿಟ್ಟು, ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದೆ. ಅವರು ಅದನ್ನು ತಲೆನೋವು ಅಂದುಕೊಂಡರು. ಒಬ್ಬಾಕೆ ಮುಲಾಮು ತಂದುಕೊಟ್ಟಳು, ಇನ್ನೊಬ್ಬಳು ಪೋರೂರಿನಲ್ಲಿ ಕಣ್ಣಿನ ಡಾಕ್ಟರನ್ನು ಹುಡುಕಿಟ್ಟಳು. ಬರಬರುತ್ತಾ ನನ್ನ ತಲೆನೋವು ಇಡೀ ಮೇಜಿನ ಆಸ್ತಿಯಾಯಿತು. ಕೊನೆಗೆ ನಮ್ಮಲ್ಲಿ ಹಿರಿಯರು, ತಲೆಮಾರುಗಳಿಂದ ಮದರಾಸಿನಲ್ಲೇ ನೆಲೆಸಿದ ವೈಷ್ಣವ ಮನೆಯವರು, ಕಾಫಿ ಬಿಟ್ಟುಬಿಡು ಅಂದಾಗ ನನಗೆ ರೇಗಿತು.

“ತಲೆನೋವಲ್ಲ ಸಾರ್. ನಾನು ಕ್ರಿಶ್ಚಿಯನ್. ಊಟಕ್ಕೆ ಮುಂಚೆ ಯೇಸುವಿಗೆ ಥ್ಯಾಂಕ್ಸ್ ಹೇಳ್ತೀನಿ. ಕಾಫಿ ಮಾತ್ರ ಬಿಡಲ್ಲ.”

ಹೇಳಬಾರದಿತ್ತೇನೋ ಎಂದುಕೊಳ್ಳುವಷ್ಟರಲ್ಲಿ ಹಿರಿಯರು ಮೆಲ್ಲಗೆ ಅಂದರು: “ಮನೇಲಿ ನಾನೂ ತಟ್ಟೆ ಸುತ್ತ ನೀರು ಬಿಟ್ಟು, ಮಂತ್ರ ಹೇಳಿಯೇ ತುತ್ತು ಎತ್ತೋದು. ಇಲ್ಲಿ ಮಾಡೋಕೆ ವೆಟ್ಕಂ, ನಾಚಿಕೆ.”

ಮರುದಿನ ಅವರು ಅಂಗೈಯಲ್ಲಿ ನೀರು ಹಿಡಿದು ಸ್ಟೀಲ್ ಡಬ್ಬಿಯ ಸುತ್ತ ಬಿಟ್ಟರು. ಮೇಜೆಲ್ಲ ಒದ್ದೆಯಾಯಿತು. ನಾನೇ ಒರೆಸಿದೆ.

ಎಷ್ಟೋ ತಿಂಗಳ ಮೇಲೆ ಒಂದು ದಿನ, ಕೆಲಸದ ಗಡಿಬಿಡಿಯಲ್ಲಿ, ಬಂದವಳೇ ತುತ್ತಿಗೆ ಕೈ ಹಾಕಿದೆ. ಮೂವರೂ ಡಬ್ಬಿ ತೆರೆದಿಟ್ಟುಕೊಂಡು, ಏನನ್ನೂ ಮುಟ್ಟದೆ ನನ್ನನ್ನೇ ನೋಡುತ್ತಿದ್ದರು.

“ನಿಂದಿನ್ನೂ ಆಗಿಲ್ಲಮ್ಮ,” ಅಂದರು ಹಿರಿಯರು. “ಬೇಗ ಕಣ್ಣು ಮುಚ್ಚು, ನಮಗೆ ಹಸಿವಾಗ್ತಿದೆ.”