ನಾಲ್ಕು ಬೆರಳು ಸಡಿಲ

ನನ್ನ ಹೆಸರು ರಾಚಪ್ಪ. ಹುನಗುಂದದಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹೊಲಿಗೆ ಅಂಗಡಿ, ಅದರ ಹಿಂದೆಯೇ ಮನೆ. ಊರಿನ ಅರ್ಧ ಮಕ್ಕಳು ನಾನು ಹೊಲಿದ ಅಂಗಿಯೊಳಗೆ ಈಜುತ್ತ ಬೆಳೆದವರು. ಬೆಳೆಯುವ ಕೂಸು, ನಾಲ್ಕು ಬೆರಳು ಸಡಿಲ ಇರಲಿ ಎಂದು ಹಿರಿಯರು ಹೇಳುವ ಮೊದಲೇ ನನ್ನ ಕತ್ತರಿ ನಾಲ್ಕು ಬೆರಳು ಆಚೆ ಹೋಗಿರುತ್ತದೆ. ಅಣ್ಣ, ತಮ್ಮ, ಅವನ ತಮ್ಮ ಎಲ್ಲರೂ ಹಾಕಿ, ಕಡೆಗೆ ಸೈಕಲ್ ಒರೆಸುವ ಅರಿವೆಯಾದರೂ ನನ್ನ ಅಂಗಿ ಹೊಲಿಗೆ ಬಿಡದು. ಇದಕ್ಕೆ ನಾನು ಭಾರಿ ಬೀಗುತ್ತಿದ್ದೆ. ಇಷ್ಟು ಬೀಗುವವನ ಸ್ವಂತ ಪೈಜಾಮಕ್ಕೆ ಲಾಡಿ ಪೋಣಿಸಿಕೊಡುವವಳು ಹೆಂಡತಿ ಗುರುಲಿಂಗವ್ವ ಎಂಬುದು ಬೇರೆ ಮಾತು.

ಮಗಳು ಗೀತಾಂಜಲಿ ಇರುವುದು ಬಾಗಲಕೋಟೆಯ ನವನಗರದಲ್ಲಿ. ಪ್ರತಿ ದೀಪಾವಳಿಗೆ ಮೊಮ್ಮಕ್ಕಳ ಬಟ್ಟೆ ನನ್ನದೇ. ರೆಡಿಮೇಡ್ ಕೊಂಡು ಕೊಟ್ಟರೆ ಸಿಂಪಿಗನ ಮಾನ ಏನಾಗಬೇಕು? ನಾನು ಹೊಲಿದು ಒಯ್ಯುತ್ತೇನೆ, ಮಕ್ಕಳು ತೋಳು ಮಡಚಿಕೊಂಡು, ಸೊಂಟಕ್ಕೆ ಪಿನ್ನು ಚುಚ್ಚಿಸಿಕೊಂಡು ಹಬ್ಬ ಮಾಡುತ್ತಾರೆ. ಅದು ಮೈಗೆ ಸರಿಯಾಗುವ ಹೊತ್ತಿಗೆ ಬಣ್ಣ ಹೋಗಿರುತ್ತದೆ, ಅಷ್ಟರಲ್ಲಿ ನಾನು ಮತ್ತೊಂದು ಸಡಿಲದ್ದು ಹೊತ್ತು ಬಾಗಿಲಲ್ಲಿ ನಿಂತಿರುತ್ತೇನೆ. ಹೀಗಾಗಿ ಆ ಮಕ್ಕಳು ಒಂದು ಹಬ್ಬದಲ್ಲೂ ತಮ್ಮ ಅಳತೆಯ ಹೊಸ ಬಟ್ಟೆ ಕಂಡಿರಲಿಲ್ಲ. ಇದು ನನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ಹೊಳೆದಿತ್ತು.

ಹೋದ ವರ್ಷ ಮೊಮ್ಮಗಳು ಪದ್ಮಶ್ರೀ ನನಗೆ ಆರತಿ ಬೆಳಗಲು ಬರುವಾಗ ಲಂಗ ತುಳಿದು ಮುಗ್ಗರಿಸಿದಳು. ದೀಪ ಆರಿತು, ಎಣ್ಣೆ ಕುಂಕುಮವೆಲ್ಲ ನನ್ನ ಧೋತರಕ್ಕೆ. ಕೂಸು ಚಾದರ ಹೊದ್ದು ಮಲಗಿ ಅತ್ತಿತು. ಈ ಸಲ ಲಂಗ ನೆಲಕ್ಕೆ ತಾಗಿದರೆ ಆರತಿ ತಟ್ಟೆ ಕೈಗೆ ಕೊಡುವುದೇ ಇಲ್ಲ ಎಂದು ಅವಳ ತಾಯಿ ಖಡಾಖಂಡಿತ ಹೇಳಿಬಿಟ್ಟಿದ್ದಳು. ಎರಡನೇ ಇಯತ್ತೆ ಓದುವ ಆ ಹುಡುಗಿ ನನಗೆ ಫೋನ್ ಹಚ್ಚಿದಳು.

"ಅಜ್ಜಾ, ಮುಂದ ದೊಡ್ಡಾಕಿ ಆಗೂ ಪದ್ಮಶ್ರೀಗೆ ಬ್ಯಾಡ. ಈಗಿನ ಪದ್ಮಶ್ರೀಗೆ ಹೊಲಿ."

ಮಾತು ಎದೆಗೆ ನಾಟಿತು. ಮರುದಿನವೇ ಬಸ್ಸು ಹತ್ತಿ ಹೋಗಿ ಅಳತೆ ತಂದೆ. ಲಂಗಕ್ಕೆಂದು ಗುಳೇದಗುಡ್ಡದ ಖಣದ ಬಟ್ಟೆ ತರಿಸಿದೆ. ನನ್ನ ಕೈಯ ಮೇಲೆ ನನಗೇ ನಂಬಿಕೆಯಿಲ್ಲದೆ, ಬಟ್ಟೆ ಕತ್ತರಿಸುವಾಗ ಗುರುಲಿಂಗವ್ವನನ್ನು ಕಾವಲಿಗೆ ಕೂರಿಸಿಕೊಂಡೆ. ಒಲೆಯ ಮೇಲಿನ ಹಾಲು ಉಕ್ಕಿತೆಂದು ಅವಳು ಎದ್ದುಹೋದದ್ದು ಅರೆಗಳಿಗೆ. ಹುಟ್ಟುಗುಣ ಸುಟ್ಟರೂ ಹೋಗದು. ಆ ಅರೆಗಳಿಗೆಯಲ್ಲೇ ಕೈ ತನ್ನ ಪಾಡಿಗೆ ತಾನು ನಾಲ್ಕು ಬೆರಳು ಬಿಟ್ಟು ಕತ್ತರಿಸಿತ್ತು. ನನಗೆ ಗೊತ್ತೇ ಆಗಲಿಲ್ಲ.

ಹಬ್ಬದ ಬೆಳಗ್ಗೆ ನವನಗರದಲ್ಲಿ ಎಣ್ಣೆ ಹಚ್ಚಿಸಿಕೊಂಡು ಮಿಂದು, ರುಮಾಲು ಸುತ್ತಿ ಮಣೆಯ ಮೇಲೆ ಕುಳಿತೆ. ಪದ್ಮಶ್ರೀ ಹೊಸ ಲಂಗ ಉಟ್ಟು ಬಂದಳು. ಅಂಚು ನೆಲಕ್ಕೆ ತಾಗಿರಲಿಲ್ಲ. ಗೀತಾಂಜಲಿ ಅಡುಗೆಮನೆಯ ಬಾಗಿಲಿನಿಂದಲೇ ಒಮ್ಮೆ ಕಣ್ಣು ಹಾಯಿಸಿ ತಟ್ಟೆ ಕೊಟ್ಟಳು. ನಾನು ಎದೆಯುಬ್ಬಿಸಿ ಹೆಂಡತಿಯ ಕಡೆ ನೋಡಿದೆ. ಅವಳು ನನ್ನ ಕಿವಿಯ ಹತ್ತಿರ ಬಾಗಿದಳು.

"ಲಂಗಾ ನೋಡಬ್ಯಾಡ್ರಿ. ಕಾಲ ನೋಡ್ರಿ."

ಮಣೆಯ ಮೇಲೆ ಕುಳಿತವನಿಗೆ ಕಾಲು ಎದುರಿಗೇ ಇದ್ದವು. ಕೂಸು ತುದಿಗಾಲಲ್ಲಿ ನಿಂತಿತ್ತು. ಬೆರಳು ಬಿಳುಚಿದ್ದವು, ತಟ್ಟೆಯ ದೀಪ ನಡುಗುತ್ತಿತ್ತು. ನಾನು ಕೇಳುವ ಮೊದಲೇ, "ಸರಿ ಐತಿ ಅಜ್ಜಾ" ಎಂದು ನಕ್ಕಳು. ನನಗೆ ನಾಚಿಕೆಯೂ ಆಯಿತು, ಕಣ್ಣೂ ತುಂಬಿತು.

ತಟ್ಟೆ ಇಸಿದುಕೊಂಡು ಬದಿಗಿಟ್ಟು ಕತ್ತರಿ ತರಿಸಿದೆ. ಮಡಚಿ ಹೊಲಿದರೆ ಮುಂದಿನ ವರ್ಷ ಬಿಚ್ಚಿಕೊಳ್ಳಬಹುದಲ್ಲ ಎಂದಳು ಗೀತಾಂಜಲಿ. ನನ್ನ ಮಗಳೇ ತಾನೆ! ನಾನು ಮಡಚಲಿಲ್ಲ. ಮಂಡಿಯೂರಿ ಕುಳಿತು, ಹೆಚ್ಚಾಗಿದ್ದ ಹೊಸ ಖಣವನ್ನು ಸುತ್ತಲೂ ಕತ್ತರಿಸಿ ತೆಗೆದೆ. ಅಂಚು ಸೊಟ್ಟಗಾಯಿತು, ದಾರ ಜೋತಾಡಿದವು. ಇಂಥ ಕೆಟ್ಟ ಕೆಲಸ ನನ್ನ ಕೈಯಿಂದ ಎಂದೂ ಆಗಿರಲಿಲ್ಲ.

ಪದ್ಮಶ್ರೀ ಮೆಲ್ಲಗೆ ಹಿಮ್ಮಡಿ ಊರಿದಳು.