ಅಲ್ಲಾಡದ ಅಂಕಿ

ಕೇಳಿದ್ದಕ್ಕೆಲ್ಲ ತಕ್ಷಣ ಹೂಂ ಅನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯ ಮೇಲೂ ಅದೇ ಅನುಮಾನ. ಕಡೂರಿನಲ್ಲಿ ಕೂತು ಇಷ್ಟು ವರ್ಷ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದವನು ನಾನು. ಸಿ ಅಂದರೆ ತಾಲ್ಲೂಕು ಕಚೇರಿಯ ಗುಮಾಸ್ತನಿದ್ದ ಹಾಗೆ. ಪರದೆಯ ಮೇಲೆ ಒಂದು ಕಿಟಕಿ ತೆರೆಯಬೇಕೆಂದರೂ ಎಲ್ಲಿ, ಎಷ್ಟಗಲ, ತೆಗೆದುಕೊಂಡ ಮೆಮೊರಿ ವಾಪಸ್ ಕೊಟ್ಟೆಯಾ ಅಂತ ಜೀವ ಹಿಂಡುತ್ತದೆ. ಪೈಥಾನ್ ಏನನ್ನೂ ಕೇಳುವುದಿಲ್ಲ. ಬಟನ್ ಬೇಕು ಅಂದೆ, ಬಂತು. ಬಳಸಿದ ಮೆಮೊರಿಯನ್ನೂ ಅದೇ ಗುಡಿಸಿ ಹಾಕುತ್ತದಂತೆ. ಯಾವಾಗ? ಅದನ್ನು ಮಾತ್ರ ಹೇಳುವುದಿಲ್ಲ. ಇಷ್ಟು ಉಪಕಾರ ಸುಮ್ಮನೆ ಯಾರಾದರೂ ಮಾಡುತ್ತಾರೆಯೇ!

ಅಜ್ಜಂಪುರದಲ್ಲಿ ಲಾರಿ, ಟ್ರಾಕ್ಟರುಗಳನ್ನು ಸರಕಿನ ಸಮೇತ ತೂಗುವ ಗಿರಿಜಮ್ಮನವರದೊಂದು ವೇಬ್ರಿಡ್ಜ್ ಇದೆ. ಅಲ್ಲಿಯ ಹಳೆ ಕಂಪ್ಯೂಟರ್ ಕೆಟ್ಟು, ಹೊಸದರಲ್ಲಿ ನನ್ನ ಸಿ ಪ್ರೋಗ್ರಾಂ ಏಳಲೇ ಇಲ್ಲ. ವಿಧಿಯಿಲ್ಲದೆ ಪೈಥಾನಿನಲ್ಲಿ ಬರೆದುಕೊಟ್ಟೆ. ಹಳೆಯ ಪರದೆಯಲ್ಲಿ ಗಾಡಿ ಹತ್ತಿದಾಗ ಅಂಕಿ ಏರಿ, ಇಳಿದು, ನಡುಗಿ, ಆಮೇಲೆ ನಿಲ್ಲುತ್ತಿತ್ತು. ಈ ಕುಣಿತವೆಲ್ಲ ಯಾಕೆ ಅಂತ, ಹೊಸದರಲ್ಲಿ ನಿಂತ ತೂಕವೊಂದನ್ನೇ ದಪ್ಪಗೆ ತೋರಿಸಿದೆ. ಎಷ್ಟು ಚೆಂದ ಅಂತ ನಾನೇ ಬೀಗಿದ್ದೂ ಆಯಿತು.

ವಾರದೊಳಗೆ ಗಿರಿಜಮ್ಮನವರ ಫೋನು.

"ಏನ್ ಮಾಡ್ಬಿಟ್ರಿ ಸ್ವಾಮಿ? ಅಂಕಿ ಅಲ್ಲಾಡೋದೇ ಇಲ್ವಲ್ಲ! ತೂಕ ಮೊದ್ಲೇ ಬರ್ದಿಟ್ಕೊಂಡವ್ರೆ ಅಂತ ಈರುಳ್ಳಿ ಟ್ರಾಕ್ಟರ್‌ನೋರೆಲ್ಲ ತರೀಕೆರೆ ಕಡೆ ಹೋಯ್ತಾವ್ರೆ. ಹಿಂಗಾದ್ರೆ ನಾನು ಬಾಗ್ಲು ಹಾಕೋದೇ ಸೈ."

ತೂಕದಲ್ಲಿ ಮೋಸವಿಲ್ಲ ಅನ್ನುವ ಹೆಸರೊಂದನ್ನು ನಂಬಿ ನಡೆಯುವ ವ್ಯಾಪಾರ ಅದು. ಯಂತ್ರ ಸರಿಯಾಗೇ ತೂಗುತ್ತಿತ್ತು. ಆದರೂ ಆ ಹೆಸರಿಗೆ ಕಲ್ಲು ಹಾಕಿದವನು ನಾನು. ಬೆಳಗಿನ ಬಸ್ಸಿಗೇ ಓಡಿದೆ. ತೂಗುವಾಗಿನ ಅಂಕಿಗಳನ್ನೆಲ್ಲ ಬಂದ ಹಾಗೇ ತೋರಿಸು ಅಂತ ಪೈಥಾನಿಗೆ ಹೇಳಿದೆ. ಅದಕ್ಕೂ ಹೂಂ ಅಂದಿತು, ಪುಣ್ಯಾತ್ಮ.

ಅಷ್ಟರಲ್ಲಿ ಈರುಳ್ಳಿ ತುಂಬಿದ ಟ್ರಾಕ್ಟರೊಂದು ಬಂತು. ಈರುಳ್ಳಿಯ ಯಜಮಾನ ಇಳಿದು, ಸೊಂಟಕ್ಕೆ ಕೈಕೊಟ್ಟು ಪರದೆಯ ಮುಂದೆ ನಿಂತ; ಡ್ರೈವರ್ ಗಾಡಿ ಹತ್ತಿಸಿದ. ಅಂಕಿ ಏರಿತು, ಜಾರಿತು, ತಡೆದು ತಡೆದು ನಿಂತಿತು.

"ಹಾಂ, ಈಗ ತೂಗ್ತಾ ಐತೆ ಕಣಮ್ಮ," ಎಂದ.

ಗಿರಿಜಮ್ಮ ಉಸಿರು ಬಿಟ್ಟರು. ನನಗೂ ಜೀವ ಬಂತು. ಅವನು ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವ್ರ್ಯಾರು?" ಅಂದ.

"ಇದನ್ನ ರಿಪೇರಿ ಮಾಡೋರು," ಅಂದರು ಗಿರಿಜಮ್ಮ.

"ಹಂಗಾರೆ ತಡೀರಿ, ಇನ್ನೊಂದ್ಸಲ ಹತ್ತಿಸ್ತೀನಿ."

"ಹತ್ತಿಸಪ್ಪಾ, ಯಾರ್ ಬ್ಯಾಡ ಅಂದೋರು," ಅಂತ ಗಿರಿಜಮ್ಮ ನಕ್ಕರು.

ನನ್ನ ಹಾಗೇ ಅನುಮಾನದ ಆ ಮನುಷ್ಯನ ಮೇಲೆ ನನಗೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಅಂಕಿ ಎರಡನೇ ಸಲ ಏರತೊಡಗಿದಾಗ, ಅವನಿಗಿಂತ ಮುಂದೆ ಬಗ್ಗಿ ಪರದೆಗೆ ಮೂಗು ತಾಗಿಸಿಕೊಂಡು ನಿಂತಿದ್ದವನು ನಾನೇ.